ಚಿಕ್ಕಲಕ್ಷ್ಮಮ್ಮನ ನೂರಹದಿಮೂರು ಲೀಟರ್ ಹಾಲು

ಚಿಕ್ಕಲಕ್ಷ್ಮಮ್ಮನ ಮನೆಯಲ್ಲಿ ಇರುವುದು ಒಂದೇ ಹಸು. ಅದೂ ತುಂಬು ಗಬ್ಬ, ಹಾಲು ಬತ್ತಿ ತಿಂಗಳಾಗಿದೆ. ಅಂಥ ಮನೆಯಿಂದ ಇವತ್ತು ಬೆಳಿಗ್ಗೆ ನೂರಹದಿಮೂರು ಲೀಟರ್ ಹಾಲು ಬಂದಿದೆ ಎಂದು ಪ್ರತಿಮಾ ಬರೆದ ಪ್ರೋಗ್ರಾಂ, ಕೂಟಗಲ್ ಪಕ್ಕದ ಊರಿನ ಹಾಲಿನ ಡೈರಿಯ ಹೊಸ ಕಂಪ್ಯೂಟರಿನಲ್ಲಿ ರಾಜಾರೋಷವಾಗಿ ಸಾರುತ್ತಿತ್ತು.

"ಏನಮ್ಮಿ ಇದು, ಹಸನೋ ಕೆರೆ ಕೋಡಿನೋ?" ಎಂದು ಡೈರಿಯ ಸೆಕ್ರೆಟರಿ ಬೋರಲಿಂಗಯ್ಯ ಹೊಟ್ಟೆ ಹಿಡಿದುಕೊಂಡು ನಕ್ಕ.

"ನಗಬ್ಯಾಡಿ ದೊಡ್ಡಪ್ಪ!"

ನಾಳೆ ಬೆಳಿಗ್ಗೆ ಹತ್ತರೊಳಗೆ ಪ್ರತಿಮಾ ಚನ್ನಪಟ್ಟಣದ ಕಾಲೇಜಿನಲ್ಲಿ ಡಿಪ್ಲೊಮಾದ ಪ್ರಾಜೆಕ್ಟ್ ವರದಿ ಕೊಡಬೇಕು. ಪ್ರೋಗ್ರಾಂ ಸರಿಯಾಗಿ ನಡೆಯುತ್ತದೆ ಎಂದು ಅದರಲ್ಲಿ ಸೆಕ್ರೆಟರಿಯ ಸಹಿ, ಸೀಲು ಇರಬೇಕು. ಇಲ್ಲದಿದ್ದರೆ ಇನ್ನಾರು ತಿಂಗಳು ಮನೆಯಲ್ಲಿ ಕೂರಬೇಕು. ಸ್ವಂತ ದೊಡ್ಡಪ್ಪನೇ ಸೆಕ್ರೆಟರಿ, ಸಹಿಗೇನು ಕಷ್ಟ ಎಂದುಕೊಂಡು ಬಂದವಳು ಬೆಳಗಿನಿಂದ ಇಲ್ಲೇ ಒದ್ದಾಡುತ್ತಿದ್ದಳು.

ದಿನದ ಫೈಲನ್ನು ದೊಡ್ಡಪ್ಪನೇ ಎರಡು ಬೆರಳಲ್ಲಿ ಕುಟ್ಟಿದ್ದ. ಒಂದೊಂದು ಸಾಲಿನಲ್ಲೂ ಸದಸ್ಯರ ನಂಬರು, ಪಕ್ಕದಲ್ಲಿ ಲೀಟರು. ತೆರೆದು ನೋಡಿದರೆ ಚಿಕ್ಕಲಕ್ಷ್ಮಮ್ಮನ ನಂಬರು ನೂರಹನ್ನೆರಡರ ಪಕ್ಕ ಏನೂ ಇಲ್ಲ, ಖಾಲಿ. ಫೈಲಿನಿಂದ ಅಂಕಿ ಓದಿಸಲು ಪ್ರತಿಮಾ ನೆಚ್ಚಿಕೊಂಡಿದ್ದ ಸಿ ಭಾಷೆಯ ಎಫ್‌ಸ್ಕ್ಯಾನ್‌ಎಫ್‌ಗೆ ಸಾಲಿನ ಹಂಗೇ ಇಲ್ಲ. ಅಂಕಿ ತಾ ಎಂದರೆ ಖಾಲಿ ಜಾಗವನ್ನೂ ಸಾಲಿನ ಕೊನೆಯನ್ನೂ ದಾಟಿ, ಮುಂದೆ ಸಿಕ್ಕಿದ್ದನ್ನು ಹೊತ್ತು ತರುತ್ತದೆ. ಮುಂದಿನ ಸಾಲಿನ ನಂಬರು ನೂರಹದಿಮೂರು. ಅದೇ ಚಿಕ್ಕಲಕ್ಷ್ಮಮ್ಮನ ಹಾಲಾಗಿಬಿಟ್ಟಿತ್ತು. ಆ ನೂರಹದಿಮೂರು ಬೋರಲಿಂಗಯ್ಯನದೇ ನಂಬರು. ಅವನ ಆರೂವರೆ ಲೀಟರು ಎರಡು ತುಂಡಾಗಿ, ಆರು ಎಂಬುದು ಸದಸ್ಯರ ನಂಬರೆನಿಸಿಕೊಂಡು, ಆರನೇ ನಂಬರಿನ ಮುನಿಯಪ್ಪನ ಹೆಸರಿಗೆ ಅರ್ಧ ಲೀಟರಾಗಿ ಹೋಗಿತ್ತು.

"ಖಾಲಿ ಬುಟ್ಟಿದ್ದೀರಲ್ಲ ದೊಡ್ಡಪ್ಪ, ಒಂದು ಸೊನ್ನೆ ಹಾಕಕ್ಕೆ ಏನಾಗಿತ್ತು?"

"ಗಬ್ಬದ ಹಸ ಇರೋ ಮನೆ ಮುಂದೆ ಸೊನ್ನೆ ಹಾಕ್ತಾರೇನಮ್ಮಿ? ಇಪ್ಪತ್ತು ವರ್ಸದಿಂದ ನಾನು ಯಾರ ಮುಂದೂ ಹಾಕಿಲ್ಲ."

ಪ್ರತಿಮಾ ಹಲ್ಲು ಕಚ್ಚಿಕೊಂಡು ತಾನೇ ಹಾಕಿದಳು. ನೀರು ಕುಡಿದು ಬರುವಷ್ಟರಲ್ಲಿ ಸೊನ್ನೆ ಮಾಯ, ನೂರಹದಿಮೂರು ಲೀಟರು ಮತ್ತೆ ಪ್ರತ್ಯಕ್ಷ. ಕೇಳಿದರೆ ದೊಡ್ಡಪ್ಪ ಕಿಟಕಿಯಾಚೆ ನೋಡುತ್ತಾನೆ. ಮತ್ತೆ ಹಾಕಿದಳು, ಮತ್ತೆ ಅಳಿಸಿದ. ಈ ಮನುಷ್ಯನ ಹತ್ತಿರ ಏಗುವುದಕ್ಕಿಂತ ಪ್ರೋಗ್ರಾಮನ್ನೇ ಬದಲಾಯಿಸುವುದು ಸಲೀಸು ಎಂದು ಗೊಣಗುತ್ತ ಕೂತಳು. ಒಂದೊಂದು ಸಾಲನ್ನೂ ಇಡಿಯಾಗಿ ಓದಿಸಿ, ಅದರಲ್ಲಿ ಎಷ್ಟು ಅಂಕಿ ಸಿಕ್ಕವೆಂದು ಎಣಿಸಿ, ಒಂದೇ ಸಿಕ್ಕರೆ ಹಾಲು ಸೊನ್ನೆ ಎಂದು ಮಾಡಿದಳು. ಪಟ್ಟಿ ಸರಿಯಾಗಿ ಪ್ರಿಂಟಾಗಿ ಬಂತು. ಬೋರಲಿಂಗಯ್ಯ ಅದನ್ನು ನೋಡಿ, ತೆಗೆದ ಪೆನ್ನಿನ ಕ್ಯಾಪು ಮುಚ್ಚಿದ.

"ಇದ್ರಾಗೂ ಸೊನ್ನೆ ಐತಲ್ಲ."

"ಅಯ್ಯೋ ದೊಡ್ಡಪ್ಪ! ಹಾಲು ತಂದಿಲ್ಲ ಅಂದ್ರೆ ಸೊನ್ನೆ ಅಲ್ವಾ? ಯಾಕೆ ನನ್ ಪ್ರಾಣ ತಿಂತೀರಿ?"

"ಸೊನ್ನೆ ಅಂದ್ರೆ ಬಂದವ್ಳು ಏನೂ ಹಾಕ್ದೆ ಹೋದ್ಲು ಅಂತ. ಖಾಲಿ ಅಂದ್ರೆ ಈಗಿಲ್ಲ, ಮುಂದಕ್ಕೆ ತತ್ತಾಳೆ ಅಂತ. ಎಲ್ಡೂ ಒಂದೇಯಾ?"

ಒಂದೇ ಅಲ್ಲ. ಅದು ಹೊಳೆದಿದ್ದಕ್ಕೇ ಅವಳ ಸಿಟ್ಟು ಇಮ್ಮಡಿಯಾಯಿತು. ಮೂರು ವರ್ಷ ಓದಿದ ತನಗೆ ತೋಚದ್ದನ್ನು ಎರಡು ಬೆರಳಲ್ಲಿ ಕುಟ್ಟುವ ಮುದುಕ ಹೇಳಬೇಕೇ? ಪ್ರೋಗ್ರಾಂ ತಿದ್ದಿ, ಖಾಲಿ ಇರುವಲ್ಲಿ ಖಾಲಿಯೇ ಪ್ರಿಂಟಾಗುವಂತೆ ಮಾಡಿ, ಪಟ್ಟಿಯನ್ನೂ ವರದಿಯನ್ನೂ ಮುಂದಿಟ್ಟಳು.

"ಸಹಿ ಮಾಡೋ ಹಾಳೆಲಿ ಇಂಗ್ಲಿಷ್ನಾಗೆ ಏನ್ ಬರ್ದಿದ್ದೀಯ, ಒಸಿ ಓದು."

ಅದು ಮಧ್ಯಾಹ್ನ ದೊಡ್ಡಪ್ಪ ಸೊನ್ನೆ ಅಳಿಸಿದಾಗ ಪ್ರತಿಮಾ ಸಿಟ್ಟಿನಲ್ಲಿ ಬರೆದ ಹಾಳೆ. ಸುಳ್ಳು ಹೇಳಬಹುದಿತ್ತು, ದೊಡ್ಡಪ್ಪನಿಗೆ ಇಂಗ್ಲಿಷ್ ಬರುವುದಿಲ್ಲ.

"ಪರೀಕ್ಷೆ ಮಾಡುವಾಗ ಕಂಡ ದೋಷಕ್ಕೆ ಕಾರಣ, ಫೈಲ್ ಬರೆದವರ ತಪ್ಪು" ಎಂದು ತಗ್ಗಿದ ದನಿಯಲ್ಲಿ ಕನ್ನಡ ಮಾಡಿ ಓದಿದಳು.

ಬೋರಲಿಂಗಯ್ಯ ಪೆನ್ನಿನ ಕ್ಯಾಪು ತೆಗೆದ. "ಆಗ್ಲಿ ಬುಡು, ನಿನ್ ಪರೀಕ್ಸೆ ಆಗ್ಲಿ" ಎಂದು ಸಹಿ ಹಾಕಿದ. ಸೀಲು ಒತ್ತಿ, ಊದಿ ಒಣಗಿಸಿ ಕೊಟ್ಟ.

ಪ್ರತಿಮಾ ಅವನ ಕೈಯಿಂದ ಪೆನ್ನು ಕಿತ್ತುಕೊಂಡಳು.

"ಸೀಲ್ ಬಿದ್ದ ಮ್ಯಾಲೆ ಗೀಚಬಾರ್ದು ಕಣಮ್ಮಿ!"

"ನೀವು ಸುಮ್ಕಿರಿ" ಎಂದು ರೇಗಿ, ಫೈಲ್ ಬರೆದವರ ತಪ್ಪು ಎಂದಿದ್ದುದನ್ನು ಹೊಡೆದುಹಾಕಿ, ಓದಿದವಳ ತಪ್ಪು ಎಂದು ಬರೆದಳು.