ಬೋರ್ಡಿನಲ್ಲಿ ತಾತನ ಹೆಸರು

“ಜೋರಾಗಿ ಓದಬೇಡಿ,” ಎಂದ ಧನಪಾಲ್.

ವಿಜಯಕುಮಾರಿ ಬಾಯಿ ಮುಚ್ಚಿದಳು. ಮೈಸೂರಿನಿಂದ ಅವನ ಕಾಲೇಜಿಗೆ ಹೊಸದಾಗಿ ಬಂದ ಗಣಿತದ ಮೇಡಂ. ಮೆಸ್ಸಿನ ಬಾಗಿಲ ಮೇಲಿನ ತಗಡಿನ ಬೋರ್ಡು ಓದಿಸಲೆಂದೇ ಅವಳನ್ನು ಕರೆತಂದಿದ್ದ. ಒಳಗೆ ಅವನ ಸೋದರತ್ತೆ ರುಕ್ಮಣಿ ಹುರುಳಿ ರಸಕ್ಕೆ ಒಗ್ಗರಣೆ ಹಾಕುತ್ತಿದ್ದಳು. ಇದೇ ಕಡೆಯ ಅಡುಗೆ. ನಾಳೆ ಕಟ್ಟಡ ಕೆಡವುತ್ತಾರೆ.

“ಏನಿದೆ?”

“ಚಪ್ಪಲಿ ಇಲ್ಲಿ ಬಿಡಿ, ಅಂತ ಇದೆ ಸರ್.”

ಅವನಿಗೆ ನಗು ಬಂತು. ನಗಲಾಗಲಿಲ್ಲ.

ಕಾಲೇಜಿನ ಸಂಚಿಕೆಗೆ ತಾತ ಸೆಲ್ಲಪ್ಪನ್ ನಡೆಸಿದ ಈ ಮೆಸ್ಸಿನ ಚರಿತ್ರೆ ಬರೆಯುವ ಕೆಲಸ ಇಂಗ್ಲಿಷ್ ಮೇಷ್ಟ್ರಾದ ಅವನ ತಲೆಗೇ ಬಿದ್ದಿತ್ತು. ಮೊದಲ ವಾಕ್ಯ ಸಿದ್ಧವಿತ್ತು: ತಮಿಳರ ಊರಲ್ಲಿ ತಾತ ತನ್ನ ಹೆಸರನ್ನು ತನ್ನ ಭಾಷೆಯಲ್ಲೇ ತೂಗುಹಾಕಿದ. ಕನ್ನಡ ಮಾತೇನೋ ಮನೆಯಲ್ಲಿ ಎಲ್ಲರಿಗೂ ಬರುತ್ತಿತ್ತು. ಅಕ್ಷರ ಒಬ್ಬರಿಗೂ ಬರುತ್ತಿರಲಿಲ್ಲ. ತಾತ ಬೋರ್ಡು ಕೊಂಡ ಮೈಸೂರಿನ ಗುಜರಿ ಅಂಗಡಿಯಲ್ಲಿ ನಾಲ್ಕಕ್ಷರ ಬಲ್ಲ ನೂಲಿನ ದಲ್ಲಾಳಿಯೊಬ್ಬ ‘ಚ’ ನೋಡಿ, ‘ಪ್ಪ’ ನೋಡಿ, ನಿನ್ನ ಹೆಸರೇ ಕಣಯ್ಯಾ ಅಂದಿದ್ದನಂತೆ. ತಮಿಳಿನಲ್ಲಿ ‘ಸ’ಗೂ ‘ಚ’ಗೂ ಒಂದೇ ಅಕ್ಷರವಾದ್ದರಿಂದ ತಾತನೂ ನಂಬಿಬಿಟ್ಟ.

ಈ ಮದುಕ್ಕರೈಯಲ್ಲಿ ನೇಯ್ಗೆ ನಿಂತ ವರ್ಷ ತಾತ ಮಗ್ಗ ಕಿತ್ತು, ನೇಯುವವರು ಕಾಲಿಡುವ ಗುಳಿಯನ್ನು ಹಾಗೇ ಬಿಟ್ಟು ಮೆಸ್ಸು ತೆರೆದ. ಹಾಸ್ಟೆಲ್ ಹುಡುಗರು ಅದರಲ್ಲಿ ಕಾಲು ಇಳಿಬಿಟ್ಟು, ಅಂಚಿನ ಮೇಲೆ ಎಲೆ ಹಾಕಿಕೊಂಡು ಉಣ್ಣುತ್ತಿದ್ದರು. ಶಾಲೆ ಬಿಟ್ಟು ಬಂದ ಧನಪಾಲ್ ಅವರ ನಡುವೆ ತೂರಿಕೊಳ್ಳುತ್ತಿದ್ದ. ಯಾರ ಎಲೆಯ ಹಪ್ಪಳ ಎತ್ತಿದರೂ ಬೈಗುಳವಿಲ್ಲ. ಅಯ್ಯೋ, ಎಂಥಾ ಗದ್ದಲ, ಎಂಥಾ ಹಸಿವು! ಆಮೇಲೆ ಅವನು ಯಾರಿಗೂ ಅಷ್ಟು ಒತ್ತಿಕೊಂಡು ಕೂತದ್ದಿಲ್ಲ. ಅದು ಬೇಕೆನಿಸುತ್ತದೆ, ಈಗಲೂ.

ಅತ್ತೆ ಕೈ ಒರೆಸಿಕೊಳ್ಳುತ್ತ ಹೊರಬಂದಳು. ಐವತ್ತು ವರ್ಷ, ಪ್ರತಿ ಶುಕ್ರವಾರ ಬೋರ್ಡಿಗೆ ಕುಂಕುಮ ಇಟ್ಟ ಕೈ.

“ಏನ್ ಬರ್ದೈತೆ ಕಣ್ಣು? ಅಪ್ಪಾರ ಹೆಸ್ರು ತಾನೆ?” ತಮಿಳರ ಮುದ್ದಿನ ಮಾತಲ್ಲಿ ಧನಪಾಲ್ ಅವಳಿಗೆ ಇನ್ನೂ ‘ಕಣ್ಣು’.

“ಆಮಾ, ಹೌದು ಅತ್ತೆ. ತಾತನ ಹೆಸ್ರೇ.” ಇಪ್ಪತ್ತು ವರ್ಷ ಪಾಠ ಮಾಡಿದ ದನಿ, ನಡುಗಲಿಲ್ಲ.

“ನೀ ಸುಮ್ಕಿರು. ಓದ್ ಬಲ್ಲೋರು ಹೇಳ್ಲಿ.”

ವಿಜಯಕುಮಾರಿ ಅವನ ಮುಖ ನೋಡಿದಳು. “ಚ ಇದೆ ಅಮ್ಮಾ. ಪ್ಪ ಇದೆ.”

ಸುಳ್ಳೇನಲ್ಲ.

ಅತ್ತೆಯ ಕಣ್ಣು ತುಂಬಿತು. “ಒಂದ್ ದಪ ನಾನೂ ಬರೀತೀನಿ. ಆಮೇಲ್ ಅವ್ರು ಏನಾನಾ ಒಡ್ಕಳ್ಳಿ.”

ರಂಗೋಲಿ ಎಳೆಯುವ ಕೋಲದ ಹಿಟ್ಟು ತಂದು ಬಾಗಿಲ ಮುಂದೆ ಕುಕ್ಕರಗಾಲಲ್ಲಿ ಕೂತಳು. ತಲೆಯೆತ್ತಿ ನೋಡುವುದು, ತಗ್ಗಿಸಿ ಎಳೆಯುವುದು. ಈ ತುದಿಯಿಂದ ಆ ತುದಿಗೆ, ಅಕ್ಷರದ ಒಂದು ಬಳ್ಳಿಯನ್ನೂ ಬಿಡದೆ. ಈಗಲಾದರೂ ಹೇಳಬೇಕು ಎಂದುಕೊಂಡ ಧನಪಾಲ್. ಅವಳ ಕೈಗೆ ಜಾಗ ಬಿಟ್ಟು ಒಂದು ಹೆಜ್ಜೆ ಹಿಂದೆ ಸರಿದ.

“ಚೆಂದಾಗದಾ?”

“ಚೆಂದಾಗಿದೆ ಅಮ್ಮಾ,” ಎಂದಳು ವಿಜಯಕುಮಾರಿ.

“ಬಾ ತಾಯಿ, ಉಣ್ಣುವಂತೆ. ಕಣ್ಣು, ನೀನೂ ಬಾ.”

ಅತ್ತೆ ಒಳಗೆ ಹೋದಳು. ವಿಜಯಕುಮಾರಿ ನೆಲದ ಮೇಲಿನ ಅಕ್ಷರಗಳನ್ನು ನಿಧಾನವಾಗಿ ಓದಿ, ಚಪ್ಪಲಿ ಕಳಚಿ ಅವುಗಳ ಪಕ್ಕದಲ್ಲೇ ಬಿಟ್ಟಳು. ಸೀರೆ ಎತ್ತಿ ದಾಟಿ, ಗುಳಿಯ ಅಂಚಿಗೆ ಹೋಗಿ ಕೂತಳು.

ಅತ್ತೆ ಎರಡು ಎಲೆ ಹಾಕಿ ನೀರು ಚಿಮುಕಿಸಿದಳು. ಧನಪಾಲ್ ಶೂ ಹಾಕಿಕೊಂಡೇ ಬಿಸಿಲಲ್ಲಿ ನಿಂತಿದ್ದ. ಒಳಗೆ ಅವನ ಎಲೆಯ ಮೇಲೆ ಅನ್ನ ಬಿತ್ತು.