ಭಟ್ಟಿಯಲ್ಲಿ ಕಾವಿಗೆ ಕುಳಿತ ಕೋಳಿ

ಸವಣೂರಿನ ನಮ್ಮ ಬೇಕರಿಯ ಇಟ್ಟಿಗೆ ಭಟ್ಟಿಗೆ ಬೆಂಕಿ ಹಾಕಿ ವರ್ಷಗಳಾಗಿದ್ದವು. ಹೊಗೆ ಹೆಚ್ಚಾಯಿತೆಂದು ಮಾಲಿನ್ಯ ಇಲಾಖೆಯ ಶಿವಯೋಗಿ ಸಾಹೇಬರು ಚಿಮಣಿಯ ಬಾಯಿಗೆ ತಗಡು ಬಡಿಸಿ ಹೋದ ಮೇಲೆ ಅಬ್ಬಾ ಗ್ಯಾಸಿನ ಒಲೆ ತಂದರು. ಖಾಲಿ ಭಟ್ಟಿ ನನ್ನ ಬೂದು ಕೋಳಿಯ ಮನೆಯಾಯಿತು.

ಈ ಬೇಸಿಗೆಯಲ್ಲಿ ಗ್ಯಾಸ್ ಬರುವುದು ನಿಂತಿತು. ಸಿಲಿಂಡರ್ ಸಿಗುವವರೆಗೆ ಕಟ್ಟಿಗೆ ಸುಡಬಹುದು, ಹೊಗೆಯ ನಿಯಮ ಸಡಿಲಿಸಿದೆ ಎಂದು ಸರ್ಕಾರ ಹೇಳಿತು. ಅಬ್ಬಾ ತಗಡು ಕಿತ್ತರು, ಕಟ್ಟಿಗೆ ತರಿಸಿದರು, ಭಟ್ಟಿಯ ಬಾಗಿಲು ತೆರೆದರು. ಒಳಗೆ ಕೋಳಿ ಕಾವಿಗೆ ಕುಳಿತಿತ್ತು. ಎಬ್ಬಿಸಿದರೆ ಅದು ಮತ್ತೆ ಕೂರುವುದಿಲ್ಲ, ತತ್ತಿಗಳೆಲ್ಲ ಕೆಡುತ್ತವೆ. ಅಬ್ಬಾ ನನ್ನ ಮುಖ ನೋಡಿದರು.

"ಮರಿ ಆಗ್ಲಿ ಬಿಡು," ಎಂದರು. ಅಲ್ಲಿಯವರೆಗೆ ಬೇಕರಿ ಬಂದ್ ಆಯಿತು.

ಗುರುವಾರ ಶಿವಯೋಗಿ ಸಾಹೇಬರು ಬಂದರು.

"ಜಮಾಲಸಾಬ್ರ, ಹೊಗಿ ಎಲ್ಲೈತ್ರಿ?"

ಅಬ್ಬಾನಿಗೆ ಹಳೆಯ ಅಂಜಿಕೆ. "ಅಲ್ಲಾನ ಆಣಿ ಇಲ್ರಿ ಸಾಹೇಬ್ರ! ಗೋಡಿ ನೋಡ್ರಿ, ಹಾಲಿನಂಗ ಬೆಳ್ಳಗೈತಿ."

"ಅದ ನನ್ನ ತಕರಾರು. ಸರ್ಕಾರ ಸಡಿಲ ಮಾಡಿದ ಮ್ಯಾಲೆ ನೀವು ಬಿಗಿ ಹಿಡದ್ರ ಹೆಂಗ? ಸಡಿಲಿಕಿ ಜಾರಿ ಆಗೈತಿ ಅಂತ ಹೊಗಿ ಫೋಟೋ ಇವತ್ತ ಮ್ಯಾಲಿನವ್ರಿಗೆ ಕಳಸಬೇಕು. ಹೊಗಿ ಇಲ್ಲಂದ್ರ ಭಟ್ಟಿ ಬ್ಯಾಡಾಗೈತಿ ಅಂತ ಬರದು ಕೆಡವಸ್ತೇನಿ."

ಅವರು ಭಟ್ಟಿಯೊಳಗೆ ಬಗ್ಗಿ ನೋಡಿದರು. ಕೋಳಿ ಮೂಗಿಗೆ ಕುಕ್ಕಿತು.

"ಎಬ್ಬಸ್ರಿ ಇದನ್ನ!"

"ಬಾಣಂತಿ ಇದ್ದಂಗರಿ ಅದು," ಎಂದರು ಅಬ್ಬಾನ ತಾಯಿ, ನನ್ನ ದಾದಿ. "ನಿಮ್ಮ ಮನ್ಯಾಗಾದ್ರ ಎಬ್ಬಸ್ತಿದ್ರೇನು?"

"ಆರ್ಡರಿನ್ಯಾಗ ಕೋಳಿ ಸುದ್ದಿ ಇಲ್ಲಬೇ ಅಜ್ಜಿ. ಅರ್ಧ ತಾಸು ಕೊಡ್ತೇನಿ."

ಹೊರಗಿನವರ ಮುಂದೆ ನನಗೆ ಬಾಯಿ ಬರುವುದಿಲ್ಲ. ದಾದಿಯ ಕೈಯಲ್ಲಿದ್ದ ಧೂಪದಾನಿಯನ್ನೇ ನೋಡುತ್ತಿದ್ದೆ. ಗುರುವಾರ ಅಂಗಡಿಗೆ ಬರಕತ್ತಾಗಲಿ, ವ್ಯಾಪಾರ ಹೆಚ್ಚಲಿ ಎಂದು ಲೋಬಾನದ ಹೊಗೆ ಹಿಡಿಯುವುದು ನಮ್ಮಲ್ಲಿ ರೂಢಿ. ಅದನ್ನು ಇಸಿದುಕೊಂಡು, ಅಡುಗೆ ಒಲೆಯ ಕೆಂಡ ತುಂಬಿ, ಇದ್ದಷ್ಟು ಲೋಬಾನ ಸುರಿದು ಮಾಳಿಗೆ ಹತ್ತಿದೆ. ಹಗ್ಗ ಕಟ್ಟಿ ಚಿಮಣಿಯ ಬಾಯಿಯಲ್ಲಿ ಇಳಿಬಿಟ್ಟೆ. ಹೊಗೆ ದಪ್ಪಗೆ ಎದ್ದಿತು.

"ಬಂತು, ಬಂತು!" ಸಾಹೇಬರು ಫೋನ್ ಎತ್ತಿದರು. "ಇನ್ನೊಂದೀಟು ಕಪ್ಪು ಬರ್ಲಿ!"

"ಇರಮ, ಕಪ್ಪು ಬರಬೇಕಂತವಾ!" ಅಬ್ಬಾ ಕೆಳಗಿನಿಂದ ನನಗೆ ಕೂಗಿ ಹೇಳಿದರು.

ಓಣಿಯ ತುಂಬ ಲೋಬಾನದ ವಾಸನೆ ಹಬ್ಬಿತು. ಹೆಂಗಸರು ತಲೆಯ ಮೇಲೆ ಸೆರಗು ಎಳೆದುಕೊಂಡು ನಿಂತರು. ಎಲೆ ಮಾರುವ ಗುತ್ತೆವ್ವ ಬುಟ್ಟಿ ಇಳಿಸಿ ಕೈ ಮುಗಿದಳು. ಅವಳನ್ನು ನೋಡಿ ಸಾಹೇಬರೂ ಬೂಟು ಕಳಚಿದರು. ಒಂದು ಕೈ ಎದೆಗಿಟ್ಟುಕೊಂಡು ಇನ್ನೊಂದರಿಂದ ಫೋಟೋ ತೆಗೆದರು.

"ಭಾಳ ಛಲೋ ಮಾಲಿನ್ಯರಿ ಜಮಾಲಸಾಬ್ರ," ಎಂದು ಕಣ್ಣೊರೆಸಿಕೊಳ್ಳುತ್ತಾ ಹೋದರು.

ಮರಿಗಳೆಲ್ಲ ಹೊರಬಿದ್ದು ಅಂಗಳಕ್ಕೆ ಇಳಿದ ದಿನ ಅಬ್ಬಾ ಭಟ್ಟಿ ಗುಡಿಸಿ ಕಟ್ಟಿಗೆ ಒಟ್ಟಿದರು. ಬಿಸ್ಮಿಲ್ಲಾ ಎಂದು ಕಡ್ಡಿ ಗೀರಿದರು. ಎಲ್ಲಿಂದಲೋ ಓಡಿ ಬಂದ ಸಾಹೇಬರು ಅದನ್ನು ಫೂ ಎಂದು ಊದಿ ಆರಿಸಿದರು.

"ಗ್ಯಾಸ್ ಬಂದೈತ್ರಿ! ಇನ್ಮ್ಯಾಲೆ ಹೊಗಿ ಬಂದ್!"

ಅವರ ಬಗಲಲ್ಲಿ ಹೊಸ ತಗಡಿತ್ತು. ಅಬ್ಬಾ ಕಟ್ಟಿಗೆಯನ್ನು ಒಂದೊಂದಾಗಿ ಹೊರಗೆ ತೆಗೆಯತೊಡಗಿದರು. ತೆಗೆದು ಮುಗಿಯುವ ಮೊದಲೇ ಕೋಳಿ ಮರಿಗಳನ್ನು ಕರೆದುಕೊಂಡು ಒಳಗೆ ಹೋಯಿತು.