ಗ್ರಹಣದ ಗಾಜು

ಡಬ್ಬಿ ಬಿದ್ದದ್ದು ಬುಧವಾರ ಬೆಳಿಗ್ಗೆ, ಒಲೆಯ ಮೇಲೆ ಹಾಲು ಇಟ್ಟ ಹೊತ್ತಿನಲ್ಲಿ. ಐವತ್ತೆರಡು ವರ್ಷದ ಹೆಂಗಸು ಸ್ಟೂಲಿನ ಮೇಲೆ ತುದಿಗಾಲಲ್ಲಿ ನಿಂತು, ಒಂದು ಕಣ್ಣು ಹಾಲಿನ ಮೇಲೆ, ಒಂದು ಕಣ್ಣು ಅಟ್ಟದ ಮೇಲೆ ಇಟ್ಟರೆ ಇನ್ನೇನಾಗುತ್ತದೆ? ತುಕ್ಕು ಹಿಡಿದ ಮುಚ್ಚಳ ಕೈಯಲ್ಲಿ ಉಳಿಯಿತು, ಡಬ್ಬಿ ಕಲ್ಲುನೆಲಕ್ಕೆ ಬಿತ್ತು. ಅಷ್ಟರಲ್ಲಿ ಹಾಲೂ ಉಕ್ಕಿತು, ಆದರೆ ಅದನ್ನು ಕೇಳುವವರು ಯಾರು!

"ಏನೇ ಅದು ಸದ್ದು?" ಮುಂದಿನ ಕೋಣೆಯಿಂದ ಅಮ್ಮ ಕೂಗಿದಳು.

"ಏನಿಲ್ಲಮ್ಮ, ತಟ್ಟೆ ಜಾರಿತು," ಎಂದಳು ಮಗಳು.

ಡಬ್ಬಿಯಲ್ಲಿದ್ದದ್ದು ಚಿನ್ನವಲ್ಲ, ಬೆಳ್ಳಿಯಲ್ಲ. ಇಪ್ಪತ್ತಮೂರು ಹಳೇ ಕನ್ನಡಕದ ಗಾಜುಗಳು, ಅವನ್ನು ಪೋಣಿಸಿದ್ದ ಉಣ್ಣೆಯ ದಾರ, ದಾರ ತೂಗುಹಾಕಲು ಮುರಿದ ಕೊಡೆಯ ಎರಡು ಕಡ್ಡಿ. ಬೇರೆ ಯಾರ ಮನೆಯಲ್ಲಾದರೂ ಇಷ್ಟು ಹೊತ್ತಿಗೆ ಪೊರಕೆ ತಂದು ಗುಡಿಸಿ ಮುಗಿಸುತ್ತಿದ್ದರು. ಇವಳು ನೆಲದ ಮೇಲೆ ಕುಕ್ಕರುಗಾಲಲ್ಲಿ ಕೂತು ಒಂದೊಂದೇ ಗಾಜು ಎತ್ತಿ ನೋಡಿದಳು. ಏಳು ಉಳಿದಿದ್ದವು. ಅಮ್ಮನದು ಉಳಿದಿತ್ತು. ಅಪ್ಪನದು ಮೂರು ಚೂರಾಗಿತ್ತು.

ಈ ಗಾಜುಗಳ ಕತೆ ಸ್ವಲ್ಪ ಹೇಳಬೇಕು. ಅಪ್ಪ ಕನ್ನಡಕದ ಅಂಗಡಿಯ ಹಿಂಬದಿಯ ಕೋಣೆಯಲ್ಲಿ ಗಾಜು ಉಜ್ಜುವ ಕೆಲಸದಲ್ಲಿದ್ದ. ಪವರ್ ಬದಲಾದವರು ಹೊಸ ಗಾಜು ಹಾಕಿಸಿಕೊಂಡು, ಹಳೆಯದನ್ನು ಕೌಂಟರಿನ ಮೇಲೆ ಬಿಟ್ಟು ಹೋಗುತ್ತಿದ್ದರು. ಮಾಲೀಕ ಅವನ್ನು ಬುಟ್ಟಿಗೆ ಎಸೆಯುತ್ತಿದ್ದ, ಅಪ್ಪ ಬುಟ್ಟಿಯಿಂದ ಎತ್ತಿ ಜೇಬಿಗೆ ಇಳಿಸುತ್ತಿದ್ದ. "ಇಷ್ಟು ವರ್ಷ ಒಬ್ಬರ ಕಣ್ಣಾಗಿ ದುಡಿದಿದೆ, ಕಸಕ್ಕೆ ಹಾಕೋಕೆ ಮನಸ್ಸು ಬರಲ್ಲ ಮಾರಾಯ್ತಿ," ಎಂದು ಅಮ್ಮನಿಗೆ ಹೇಳುತ್ತಿದ್ದ. ಅಮ್ಮ ಮೊದಮೊದಲು ಮೂಗು ಮುರಿದಳು. ಆಮೇಲೆ ತಾನೇ ಹರಿದ ಸ್ವೆಟರ್ ಬಿಚ್ಚಿ ದಾರ ಮಾಡಿಕೊಟ್ಟಳು.

ಆ ಮನೆಗೆ ಬಿಸಿಲೆಂದರೆ ಅಪರೂಪದ ನೆಂಟ. ಎದುರಿಗೆ ಎರಡು ಎತ್ತರದ ಕಟ್ಟಡ, ನಡುವೆ ಒಂದು ಸಂದು. ಬೇಸಿಗೆಯಲ್ಲಿ ಸೂರ್ಯ ಮಾಳಿಗೆಯ ಮೇಲಿಂದಲೇ ದಾಟಿ ಹೋಗುತ್ತಾನೆ, ಇವರ ಕಡೆ ತಿರುಗಿಯೂ ನೋಡುವುದಿಲ್ಲ. ಚಳಿ ಶುರುವಾಗಿ ಅವನು ತಗ್ಗಿದಾಗ ಮಾತ್ರ, ಐದು ವಾರ, ದಿನಕ್ಕೆ ಅರ್ಧ ಗಂಟೆ, ಆ ಸಂದಿನಿಂದ ಓರೆಯಾಗಿ ನುಗ್ಗಿ ಮುಂದಿನ ಕೋಣೆಯ ಕಿಟಕಿಯ ಪಕ್ಕದ ಗೋಡೆಯ ಮೇಲೆ ಬೀಳುತ್ತಾನೆ. ಆ ಐದು ವಾರಕ್ಕೆಂದೇ ಅಪ್ಪ ಗಾಜಿನ ಅಂಚಿಗೆ ಸಣ್ಣ ತೂತು ಕೊರೆದು ಈ ತೂಗುಮಾಲೆ ಮಾಡಿದ್ದು. ಅದಕ್ಕೊಂದು ಕಟ್ಟುನಿಟ್ಟಿನ ನಿಯಮವೂ ಇತ್ತು. ಅಂಗಡಿಯಲ್ಲಿ ಕೊಂಡ ವಸ್ತು ಆ ದಾರಕ್ಕೆ ಏರಕೂಡದು. ಯಾರೋ ಬೇಡವೆಂದು ಬಿಟ್ಟದ್ದೇ ಆಗಬೇಕು.

ಬಿಸಿಲು ಬಿದ್ದರೆ ಗೋಡೆಯ ತುಂಬ ಬೆಳಕಿನ ಬಿಲ್ಲೆಗಳು. ಒಂದೊಂದು ಬಿಲ್ಲೆಗೂ ಒಂದೊಂದು ಹೆಸರು. ಇದು ಮೇಷ್ಟ್ರು, ಇದು ದರ್ಜಿ, ಇದು ಬೇಕರಿಯವರು, ಇದು ಅಜ್ಜಿ. ಗಾಳಿಗೆ ದಾರ ಅಲುಗಿದರೆ ಮಗಳು ಚಪ್ಪಾಳೆ ತಟ್ಟುತ್ತಿದ್ದಳು, "ಅಮ್ಮಾ, ಮೇಷ್ಟ್ರು ಅಜ್ಜಿ ಮೇಲೆ ಬಿದ್ದರು!" ಅಜ್ಜಿ ಅಲ್ಲೇ ಕೂತು, "ಥೂ, ಅವನ ಮುಖ ನೋಡು," ಎಂದು ನಗುತ್ತಿದ್ದಳು. ಎಂಥ ಬೆಳಗುಗಳು ಅವು! ಕಾಲ ಎಲ್ಲೋ ಹೊರಗೆ ಚಪ್ಪಲಿ ಬಿಟ್ಟು ಕೂತಿತ್ತು ಅನಿಸುತ್ತದೆ.

ಅಪ್ಪನ ಗಾಜು ಮಾತ್ರ ಬೇರೆ ಜಾತಿ. ಉಳಿದವೆಲ್ಲ ಓದುವ ಕನ್ನಡಕದವು, ಪ್ಲಸ್ ಪವರ್, ಬೆಳಕನ್ನು ಕೂಡಿಸಿ ಒಂದೆಡೆ ಸುರಿಯುವಂಥವು. ಅಪ್ಪನದು ದೂರದ ಕನ್ನಡಕ, ಭಾರೀ ಮೈನಸ್ ಪವರ್, ಬೆಳಕನ್ನು ಹೊರಗೆ ತಳ್ಳುವಂಥದ್ದು. ಅವನ ಹಳೇ ಜೋಡಿಯಲ್ಲಿ ಒಂದು ಗಾಜು ತೂತು ಕೊರೆಯುವಾಗ ಮೆಷೀನಿನಲ್ಲಿ ಒಡೆದಿತ್ತು, ಇನ್ನೊಂದನ್ನು ಅಮ್ಮನ ಗಾಜಿನ ಪಕ್ಕ ಕಟ್ಟಿದ. ಅದು ಗೋಡೆಯ ಮೇಲೆ ಕಪ್ಪು ಬಿಲ್ಲೆಯಾಗಿ ಬಿತ್ತು, ಸುತ್ತ ತೆಳ್ಳಗೆ ಬೆಳಕಿನ ಬಳೆ. ಅಮ್ಮ ಹೊಟ್ಟೆ ಹಿಡಿದು ನಕ್ಕಳು. "ಊರವರ ಕಣ್ಣೆಲ್ಲ ಬೆಳಕು ಕೊಡ್ತಾವೆ, ನಿಮ್ಮದು ನೋಡಿದ್ರೆ ಗ್ರಹಣ!" ಅಂದಿನಿಂದ ಆ ಬಿಲ್ಲೆಗೆ ಗ್ರಹಣ ಎಂದೇ ಹೆಸರಾಯಿತು.

ಮಗಳಿಗೂ ಅಪ್ಪನದೇ ಕಣ್ಣು. ಏಳನೇ ವಯಸ್ಸಿಗೆ ದಪ್ಪ ಕನ್ನಡಕ ಏರಿ, ಶಾಲೆಯಲ್ಲಿ ಸೋಡಾಬುಡ್ಡಿ ಎಂಬ ಹೆಸರು ಬಿತ್ತು. ಅಳುತ್ತ ಮನೆಗೆ ಬಂದರೆ ಅಮ್ಮ ಸಮಾಧಾನ ಮಾಡುವುದು ಬಿಟ್ಟು, "ಚೆನ್ನಾಗಿದೆ ಕಣೇ," ಎಂದು ತಾನೂ ಬುಡ್ಡಿ ಎಂದೇ ಕರೆಯತೊಡಗಿದಳು. ಇಂದಿಗೂ ಹಾಗೇ.

ಅಪ್ಪ ಹೋಗಿ ಹನ್ನೊಂದು ವರ್ಷ. ಪ್ರತಿ ಚಳಿಗಾಲ ಅಮ್ಮ ಗೋಡೆಗೆ ಕುರ್ಚಿ ಎಳೆದುಕೊಂಡು ಆ ಕಪ್ಪು ಬಿಲ್ಲೆಯ ಮುಂದೆ ಕೂರುತ್ತಾಳೆ. "ಬಂದ್ರಾ?" ಎನ್ನುತ್ತಾಳೆ. ಆಮೇಲೆ ಅರ್ಧ ಗಂಟೆ ವರ್ಷದ ವರದಿ. ಕೆಳಗಿನ ಮನೆಯವರ ಜಗಳ, ಮೊಣಕಾಲಿನ ನೋವು, ಮಗಳು ಹಟಮಾರಿ, ಯಾವುದನ್ನೂ ಬಿಡುವುದಿಲ್ಲ. ಈಗೀಗ ಅಮ್ಮನ ಕಣ್ಣು ಮಂಜಾಗಿ ಬೆಳಕು, ಕತ್ತಲೆ ಬಿಟ್ಟರೆ ಬೇರೇನೂ ತಿಳಿಯದು. ಮುಂದಿನ ಚಳಿಗೆ ಅದೂ ಇರುವುದು ಕಷ್ಟ ಎಂದು ಕಣ್ಣಿನ ಡಾಕ್ಟರು ಹೇಳಿದ್ದರು. ಅಮ್ಮ ಅಳಲಿಲ್ಲ, ಬೇಜಾರೂ ತೋರಿಸಲಿಲ್ಲ. "ಹೋಗಲಿ ಬಿಡು. ಈ ಸಲ ಒಂದು ಸರ್ತಿ ಅವರನ್ನ ಸರಿಯಾಗಿ ನೋಡಿಬಿಡ್ತೀನಿ," ಎಂದಳು ಅಷ್ಟೆ.

ಈಗ ಹೇಳಿ, ಚೂರುಗಳನ್ನು ಮೊರಕ್ಕೆ ತುಂಬುತ್ತಿದ್ದವಳು ನಿಜ ಹೇಳುವುದಾದರೂ ಹೇಗೆ?

ಈ ಚಳಿಗಾಲದ ಮೊದಲ ಬಿಸಿಲು ಭಾನುವಾರ ಬರುತ್ತದೆ. ಅಮ್ಮನ ಲೆಕ್ಕ ತಪ್ಪಿದ್ದಿಲ್ಲ. ನಾಲ್ಕು ದಿನ ಕೈಯಲ್ಲಿತ್ತು. ಗ್ರಂಥಾಲಯದಲ್ಲಿ ಹರಿದ ಪುಸ್ತಕಗಳಿಗೆ ರಟ್ಟು ಕಟ್ಟುವುದು ಮಗಳ ಕೆಲಸ. ಅರ್ಧ ದಿನ ರಜೆ ಬರೆದುಕೊಟ್ಟು ಹೊರಟಳು. ಮೊದಲು ಅಪ್ಪನ ಹಳೇ ಅಂಗಡಿಗೆ ಹೋದಳು. ಅದು ಮೊಬೈಲ್ ಅಂಗಡಿಯಾಗಿತ್ತು, ಅಪ್ಪ ಕೂರುತ್ತಿದ್ದ ಕೋಣೆಯಲ್ಲಿ ಒಬ್ಬ ಫೋನು ಬಿಚ್ಚಿಟ್ಟುಕೊಂಡು ಕೂತಿದ್ದ. ಎರಡು ಬೀದಿ ಆಚೆಯ ಹೊಸ ಕನ್ನಡಕದಂಗಡಿಯ ಹುಡುಗಿ, "ಪವರ್ ಹೇಳಿ ಮೇಡಂ, ಹೊಸದು ತರಿಸಿಕೊಡ್ತೀವಿ," ಎಂದಳು.

"ಹೊಸದು ಬೇಡಮ್ಮ. ಯಾರಾದ್ರೂ ಬಿಟ್ಟು ಹೋಗಿದ್ದು ಇದ್ರೆ ಕೊಡು."

ಹುಡುಗಿ ಅವಳನ್ನು ಮೇಲಿಂದ ಕೆಳಗೆ ನೋಡಿದಳು. ಹಳೆಯವೆಲ್ಲ ತಿಂಗಳ ಕೊನೆಗೆ ದಾನದ ಪೆಟ್ಟಿಗೆಗೆ ಹೋಗುತ್ತವಂತೆ. ದಾನದ ಪೆಟ್ಟಿಗೆ ಎಂದ ಕೂಡಲೇ ಮಗಳು ಮನಸ್ಸಿನಲ್ಲೇ ತಲೆ ಚಚ್ಚಿಕೊಂಡಳು. ಪ್ರತಿ ಸಲ ಪವರ್ ಏರಿದಾಗಲೂ ತನ್ನ ಹಳೇ ಕನ್ನಡಕವನ್ನು ಆಸ್ಪತ್ರೆಯ ಪೆಟ್ಟಿಗೆಗೆ ಹಾಕಿ, ದೊಡ್ಡ ಪುಣ್ಯವಂತೆಯ ಹಾಗೆ ಮನೆಗೆ ಬಂದಿದ್ದಳಲ್ಲ!

ಗುಜರಿ ಅಂಗಡಿಯವನು ಒಳ್ಳೆಯವನು, ಬಾಯಿ ಮಾತ್ರ ಜಾಸ್ತಿ. ಒಂದು ಚೀಲದ ತುಂಬ ಕನ್ನಡಕ ತಂದು ಸುರಿದ. ಅವಳು ಒಂದೊಂದನ್ನೇ ಹಳೇ ಪೇಪರಿನ ಮೇಲೆ ಹಿಡಿದು ನೋಡಿದಳು. ಮೈನಸ್ ಗಾಜಾದರೆ ಅಕ್ಷರ ಚಿಕ್ಕದಾಗಬೇಕು. ಒಂದರಲ್ಲಾದರೂ ಆದರೆ ಕೇಳಿ! ಎಲ್ಲದರಲ್ಲೂ ಅಕ್ಷರಗಳು ಉಬ್ಬಿ ಮೇಲೆದ್ದು ಬಂದವು.

"ಎಲ್ಲ ಓದೋ ಕನ್ನಡಕಗಳೇ," ಎಂದಳು.

"ಇನ್ನೇನು ಮತ್ತೆ? ಅಜ್ಜ ಅಜ್ಜಿ ತೀರಿಕೊಂಡ ಮೇಲೆ ಮನೆಯವರು ತಂದು ಹಾಕ್ತಾರೆ. ದೂರದ ಕನ್ನಡಕದವರು ಅದನ್ನ ಮೂಗಿಂದ ಇಳಿಸಿದ್ರೆ ತಾನೇ ಅಕ್ಕಾ, ನನ್ನ ಹತ್ರ ಬರೋದು?"

ಹದಿನೈದು ಗಾಜು ಆರಿಸಿಕೊಂಡಳು. ಜೊತೆಗೆ ಒಂದು ಟಾರ್ಚಿನ ಗಾಜು, ಹಿಡಿ ಮುರಿದ ಭೂತಗನ್ನಡಿ, ಅತ್ತರಿನ ಶೀಶೆಯ ಬಿರಡೆ. ಕೊರೆಯುವ ಮೆಷೀನು ಅವಳಲ್ಲಿ ಇರಲಿಲ್ಲ, ಆದರೆ ಪುಸ್ತಕ ಹೊಲಿಯುವ ಮೇಣದ ದಾರವಿತ್ತು, ಮೂವತ್ತು ವರ್ಷ ಗಂಟು ಹಾಕಿದ ಬೆರಳುಗಳಿದ್ದವು. ಗ್ರಂಥಾಲಯದಲ್ಲಿ ಊಟದ ಬಿಡುವಿನಲ್ಲಿ ಕೂತು ಒಂದೊಂದು ಗಾಜಿನ ಅಂಚಿಗೂ ದಾರ ಸುತ್ತಿ ಬಲೆ ಹೆಣೆದಳು. ಮಾಲೆ ಚೆನ್ನಾಗೇ ಬಂತು. ಅಮ್ಮನ ಗಾಜಿನ ಪಕ್ಕ ಒಂದು ಜಾಗ ಖಾಲಿ ಉಳಿಯಿತು.

ರಟ್ಟು ಕಟ್ಟುವವಳಿಗೆ ರಟ್ಟು ಬಿಟ್ಟರೆ ಇನ್ನೇನು ಹೊಳೆಯಬೇಕು? ಹಳೇ ನಿಘಂಟಿನ ಕಪ್ಪು ರಟ್ಟಿನಿಂದ ಗಾಜಿನಷ್ಟೇ ಅಗಲದ ಬಿಲ್ಲೆ ಕತ್ತರಿಸಿ ಅಲ್ಲಿ ಕಟ್ಟಿದಳು. ಕಪ್ಪಗೆ ನೆರಳು ಬಿದ್ದರೆ ಸಾಕು, ಅಮ್ಮನಿಗೆ ಎಲ್ಲಿ ತಿಳಿಯಬೇಕು ಎಂದುಕೊಂಡಳು. ಹಾಗೆಂದುಕೊಂಡ ಕ್ಷಣವೇ ತನ್ನ ಮೇಲೆ ತನಗೇ ಅಸಹ್ಯವಾಯಿತು. ಕಣ್ಣಿಲ್ಲದ ತಾಯಿಯ ಕಣ್ಣಿಗೆ ಮಣ್ಣೆರಚುವುದೆಂದರೆ ಇದೇ ಅಲ್ಲವೇ? ಆದರೂ ಬಿಚ್ಚಲಿಲ್ಲ.

ಭಾನುವಾರ ಒಂಬತ್ತೂ ಕಾಲಿಗೆ ಬಿಸಿಲು ಬಂತು. ಕಿಟಕಿಯಿಂದ ಒಂದು ತೋಳಿನಷ್ಟು ದೂರದ ಗೋಡೆಯ ಮೇಲೆ ಬಿಲ್ಲೆಗಳು ಒಂದೊಂದಾಗಿ ಎದ್ದವು. ಅಮ್ಮ ತಲೆ ಬಾಚಿಕೊಂಡು, ಒಗೆದ ಶಾಲು ಹೊದ್ದು, ಮೂಗು ಗೋಡೆಗೆ ತಾಗುವ ಹಾಗೆ ಕೂತಿದ್ದಳು. ಬೆರಳಿಟ್ಟು ತಡವಿದಳು.

"ಇದು ನಾನು," ಎಂದಳು. ಸರಿಯಾಗಿತ್ತು. ಬೆರಳು ಪಕ್ಕಕ್ಕೆ ಸರಿಯಿತು.

ಅಮ್ಮ ಬಹಳ ಹೊತ್ತು ನೋಡಿದಳು. ಕತ್ತು ಓರೆ ಮಾಡಿದಳು, ಹಿಂದೆ ಸರಿದಳು, ಮತ್ತೆ ಬಗ್ಗಿದಳು.

"ಇದು ಯಾರೇ?"

"ಅಪ್ಪ, ಅಮ್ಮಾ. ಗ್ರಹಣ."

"ಬಳೆ ಎಲ್ಲಿ?"

ಮಗಳ ಕಣ್ಣು ದಾರದಲ್ಲಿದ್ದ ರಟ್ಟಿನ ಮೇಲೆ ಹೋಯಿತು.

"ಸುತ್ತ ಬೆಳಕಿನ ಬಳೆ ಇರ್ತಿತ್ತಲ್ಲ ಕಣೇ. ಇದು ಬರೀ ಕತ್ತಲೆ. ಕತ್ತಲೆ ನನಗೆ ಬೇಕಾದಷ್ಟಿದೆ." ಅಮ್ಮ ಕೈಯನ್ನು ಮಡಿಲಿಗೆ ಎಳೆದುಕೊಂಡಳು. "ಬುಧವಾರ ಬಿದ್ದದ್ದು ತಟ್ಟೆ ಅಲ್ಲ ಅಂತ ಗೊತ್ತು. ನನ್ನ ಕಣ್ಣು ಹೋಗಿದೆ, ಕಿವಿ ಹೋಗಿಲ್ಲ. ನೀನೇ ಹೇಳ್ತೀಯೇನೋ ಅಂತ ಕಾದೆ."

ಮಗಳಿಗೆ ಅಳು ಒತ್ತರಿಸಿ ಬಂತು. ಐವತ್ತೆರಡು ವರ್ಷದವಳು ಹೂಜಿ ಒಡೆದ ಮಗುವಿನ ಹಾಗೆ ಬಿಕ್ಕಿದಳು. "ತಪ್ಪಾಯ್ತಮ್ಮ. ಕೈಜಾರಿತು. ಊರೆಲ್ಲ ಹುಡುಕಿದೆ, ಅಂಥದ್ದು ಒಂದೂ ಸಿಗಲಿಲ್ಲ." ಕನ್ನಡಕ ಮಂಜಾಯಿತು. ತೆಗೆದು ಸೆರಗು ಸಿಗದೆ ಸ್ವೆಟರಿನ ಅಂಚಿನಿಂದ ಒರೆಸಿಕೊಂಡಳು. ಒರೆಸಿ, ಎಂದಿನ ಅಭ್ಯಾಸದಂತೆ, ಚೊಕ್ಕಟವಾಯಿತೇ ಎಂದು ನೋಡಲು ಕಿಟಕಿಯ ಬೆಳಕಿಗೆ ಎತ್ತಿ ಹಿಡಿದಳು.

"ಅಯ್ಯೋ!" ಎಂದಳು ಅಮ್ಮ.

ಮಗಳಿಗೆ ಏನೂ ಕಾಣಲಿಲ್ಲ. ಕನ್ನಡಕವಿಲ್ಲದೆ ಅವಳಿಗೆ ಕಾಣುವುದಾದರೂ ಏನು? ಗೋಡೆ ಒಂದು ಬಿಳಿ ಮಬ್ಬು, ಅಮ್ಮ ಒಂದು ಕಂದು ಮಬ್ಬು.

"ಅಲುಗಬೇಡ ಕಣೇ! ಹಾಗೇ ಹಿಡಿ! ಬಂದ್ರು. ಬಳೆ ಸಮೇತ ಬಂದಿದ್ದಾರೆ." ಅಮ್ಮನ ಧ್ವನಿ ಹುಡುಗಿಯ ಧ್ವನಿಯಾಗಿತ್ತು. "ಎಲ್ಲಿಂದ ತಂದೆ?"

ಆಗ ಮಗಳಿಗೆ ಹೊಳೆಯಿತು. ನಾಲ್ಕು ದಿನ ಬೀದಿ ಬೀದಿ ಅಲೆದದ್ದು ಯಾವುದಕ್ಕೋ, ಅದನ್ನು ಮೂಗಿನ ಮೇಲೆ ಏರಿಸಿಕೊಂಡೇ ಅಲೆದಿದ್ದಳು. ಅಳುವಿನ ನಡುವೆಯೇ ನಗು ಬಂದು ಕೆಮ್ಮಿದಳು. "ನನ್ನ ಕನ್ನಡಕ ಅಮ್ಮಾ. ಅಪ್ಪನ ಪವರೇ ತಾನೇ ನನಗೂ ಬಂದಿರೋದು."

"ಅದಕ್ಕೇ ಇಬ್ಬರಿದ್ದಾರೆ," ಎಂದಳು ಅಮ್ಮ.

ಹೌದಲ್ಲ, ಎರಡು ಗಾಜು. ಎರಡು ಕಪ್ಪು ಬಿಲ್ಲೆ, ಎರಡು ಬೆಳಕಿನ ಬಳೆ, ಅಮ್ಮನ ಬಿಲ್ಲೆಗೆ ಒತ್ತಿಕೊಂಡು. ಅಮ್ಮನ ಬೆರಳು ಮೊದಲನೆಯದರ ಸುತ್ತ ತಿರುಗಿತು. "ಇದು ಅವರು." ಎರಡನೆಯದರ ಮೇಲೆ ಬಂದು ನಿಂತಿತು. "ಇದು ನೀನು. ಅಲ್ವೇನೇ ಬುಡ್ಡಿ? ಇಷ್ಟು ವರ್ಷ ಊರವರನ್ನೆಲ್ಲ ಈ ಗೋಡೆಗೆ ಹತ್ತಿಸಿದ್ವಿ. ಮೇಷ್ಟ್ರು, ದರ್ಜಿ, ಬೇಕರಿಯವರು... ನೀನು ಒಂದು ದಿನವೂ ಇರಲಿಲ್ಲವಲ್ಲೇ."

ಮಗಳು ಈ ಮಾತನ್ನು ಯಾವತ್ತೂ ಯೋಚಿಸಿರಲಿಲ್ಲ. ಅವಳ ಕನ್ನಡಕ ಯಾವಾಗಲೂ ಕೆಲಸದಲ್ಲಿರುತ್ತಿತ್ತು, ಹಳೆಯದು ದಾನದ ಪೆಟ್ಟಿಗೆಗೆ ಹೋಗುತ್ತಿತ್ತು, ಗೋಡೆಗೆ ಏರಲು ಬಿಡುವೆಲ್ಲಿ? ಅಮ್ಮನ ಮುಖ ಹೇಗಿದೆಯೋ ನೋಡಬೇಕೆಂದು ತುಂಬ ಆಸೆಯಾಯಿತು, ಆದರೆ ನೋಡಬೇಕಾದರೆ ಕೈ ಇಳಿಸಬೇಕು. ಇಳಿಸಲಿಲ್ಲ. ಅಮ್ಮನಿಗೂ ಅವಳಿಗೂ ಈಗ ಕಾಣುತ್ತಿದ್ದದ್ದು ಒಂದೇ, ಬೆಳಕು ಎಲ್ಲಿ, ನೆರಳು ಎಲ್ಲಿ, ಅಷ್ಟೆ.

"ಕೇಳಿದ್ರಾ," ಎಂದು ಅಮ್ಮ ಗೋಡೆಗೆ ವರದಿ ಶುರು ಮಾಡಿದಳು. "ನಿಮ್ಮ ಮಗಳು ನಿಮ್ಮನ್ನ ಚೂರು ಚೂರು ಮಾಡಿ, ನನಗೆ ತಟ್ಟೆ ಅಂತ ಸುಳ್ಳು ಹೇಳಿದಳು. ಬೈಬೇಡಿ. ಪಾಪ, ನಾಲ್ಕು ದಿನ ಸರಿಯಾಗಿ ಊಟ ಮಾಡಿಲ್ಲ." ಹಿಂತಿರುಗದೆ ಕೇಳಿದಳು, "ಕೈ ನೋಯ್ತಿದೆಯೇನೇ?"

ತೋಳು ಆಗಲೇ ಮರಗಟ್ಟಿತ್ತು. ಬಿಸಿಲು ಹೋಗಲು ಇನ್ನೂ ಇಪ್ಪತ್ತು ನಿಮಿಷವಿತ್ತು.

"ಇಲ್ಲಮ್ಮ," ಎಂದಳು ಮಗಳು. "ನೀನು ಮಾತಾಡು."